ಅಮೆರಿಕದ ಕನ್ನಡ ಕೂಟಗಳಿಗೆ ಬಹಿರಂಗ ಪತ್ರ: ಗಣೇಶನ ಹಬ್ಬಕ್ಕೆ ಇನ್ನೊಂದು ಮೇಜು ಹಾಕಿಸಿ

ಪದಾಧಿಕಾರಿಗಳೇ, ಸದಸ್ಯರೇ, ನಮಸ್ಕಾರ.

ನಾನೂ ಒಂದು ಕೂಟದ ಸದಸ್ಯ. ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸಿದವನು, ಯುಗಾದಿಗೆ ಬೇವು ಬೆಲ್ಲ ಹಂಚಿದವನು. ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿ ಬಂದೆ, ಗ್ರೀನ್ ಕಾರ್ಡಿಗೆ, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಗೆ, ವರ್ಷಗಟ್ಟಲೆ ಕಾದೆ, ಈಗ ಈ ದೇಶದ ಪೌರತ್ವ ಪಡೆದಿದ್ದೇನೆ. ನಿಮ್ಮ ಮುಂದೆ ಒಂದೇ ಬೇಡಿಕೆ ಇಡುತ್ತಿದ್ದೇನೆ. ಕೂಟದ ದೊಡ್ಡ ಕಾರ್ಯಕ್ರಮಗಳಲ್ಲಿ ಸೀರೆ, ಒಡವೆ, ರಿಯಲ್ ಎಸ್ಟೇಟ್, ಇನ್ಶೂರೆನ್ಸ್ ಮಳಿಗೆಗಳ ಪಕ್ಕ ಇನ್ನೊಂದು ಮೇಜು ಹಾಕಿಸಿ. ಇಲ್ಲಿನ ಸರ್ಕಾರ ಹೇಗೆ ನಡೆಯುತ್ತದೆ, ನಮ್ಮ ವೀಸಾ ಮತ್ತು ಗ್ರೀನ್ ಕಾರ್ಡು ಯಾರ ಕೈಯಲ್ಲಿವೆ, ಅವರನ್ನು ತಲುಪುವುದು ಹೇಗೆ ಅಂತ ಆ ಮೇಜಿನಲ್ಲಿ ಕೂತವರು ಕನ್ನಡದಲ್ಲಿ ತಿಳಿಸಿ ಹೇಳಲಿ. ಪೌರತ್ವ ಸಿಕ್ಕವರನ್ನು ಅಲ್ಲೇ ಮತದಾರರ ಪಟ್ಟಿಗೆ ಸೇರಿಸಲಿ.

"ಕೂಟದಲ್ಲಿ ರಾಜಕೀಯ ಬೇಡ" ಅನ್ನುವ ಮಾತು ಈಗಾಗಲೇ ನಿಮ್ಮ ಬಾಯಿಗೆ ಬಂದಿರಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಊಟದ ಸಾಲಿನ ಮಾತು ಕೇಳಿಸಿಕೊಳ್ಳಿ. "ನಿಮ್ಮ ಪ್ರಯಾರಿಟಿ ಡೇಟ್ ಯಾವುದು?" "ಈ ತಿಂಗಳ ವೀಸಾ ಬುಲೆಟಿನ್ ಏನಾದ್ರೂ ಮುಂದೆ ಹೋಯ್ತಾ?" "ಇಬಿ-3ಗೆ ಇಳಿಸಿಕೊಳ್ಳೋದು ಒಳ್ಳೇದಾ?" ಪ್ರಯಾರಿಟಿ ಡೇಟ್ ಅಂದರೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ಜಾಗ ಗುರುತಿಸುವ ದಿನಾಂಕ, ಬುಲೆಟಿನ್ ಅಂದರೆ ಆ ಸಾಲು ಎಲ್ಲಿಗೆ ಬಂತು ಅಂತ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ಪಟ್ಟಿ, ಇಬಿ-3 ಅಂದರೆ ಉದ್ಯೋಗದ ಗ್ರೀನ್ ಕಾರ್ಡಿನ ಮೂರನೇ ವರ್ಗ. ಬಿಸಿಬೇಳೆಬಾತ್ ತಟ್ಟೆಗೆ ಬೀಳುವ ಹೊತ್ತಿಗೆ ಮಾತು ಅಧ್ಯಕ್ಷರ ಕಡೆ ತಿರುಗಿರುತ್ತದೆ. ಇವರು ಹೋದರೆ ಸರಿಹೋಗುತ್ತದೆ ಅಂತ ಒಬ್ಬರು, ಇವರೇ ಸರಿ ಮಾಡುತ್ತಾರೆ ಅಂತ ಇನ್ನೊಬ್ಬರು. ನನ್ನ ಕಳವಳ ಶುರುವಾಗುವುದು ಇಲ್ಲೇ. ನಮ್ಮ ಸಾಲನ್ನು ಹಿಡಿದು ನಿಲ್ಲಿಸಿರುವ ಅಂಕಿಗಳನ್ನು ಬದಲಿಸುವ ಅಧಿಕಾರ ಯಾವ ಅಧ್ಯಕ್ಷರಿಗೂ ಇಲ್ಲ. ಅವು ಕಾನೂನಿನಲ್ಲೇ ಬರೆದಿರುವ ಅಂಕಿಗಳು. ಕಾನೂನು ಮಾಡುವುದು ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು.

ಆ ಅಂಕಿಗಳನ್ನು ಒಮ್ಮೆ ನೋಡೋಣ. 1990ರ ವಲಸೆ ಕಾಯ್ದೆ ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ ಸುಮಾರು 1,40,000 ಎಂದು ನಿಗದಿ ಮಾಡಿತು. ಅದರಲ್ಲಿ ಒಂದು ದೇಶಕ್ಕೆ ಶೇ 7 ಮಾತ್ರ. ಲೆಕ್ಕ ಹಾಕಿದರೆ 9,800. ಅರ್ಜಿದಾರರ ಜೊತೆಗೆ ಅವರ ಗಂಡ, ಹೆಂಡತಿ, ಮಕ್ಕಳೂ ಇದರೊಳಗೇ ಬರಬೇಕು. ಬೇರೆ ದೇಶದವರು ಬಳಸದೆ ಉಳಿದದ್ದು ಕೆಲವು ವರ್ಷ ನಮ್ಮ ಕಡೆ ಹರಿಯುತ್ತದೆ, ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಮನೆಯಲ್ಲಿ ಇಬ್ಬರಿರಲಿ, ನಲವತ್ತು ಜನರಿರಲಿ, ಎಲ್ಲರಿಗೂ ಅಳೆದು ಒಂದೇ ಸೇರು ಅಕ್ಕಿ ಕೊಡುವ ರೇಷನ್ ಅಂಗಡಿಯಂತೆ ಐಸ್‌ಲೆಂಡಿಗೂ ಭಾರತಕ್ಕೂ ಒಂದೇ ಮಿತಿ. ಇನ್ನೂ ಒಂದು ಸಂಗತಿ. ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಅಲ್ಲ. ಮಂಗಳೂರಿನ ಅಪ್ಪ ಅಮ್ಮನಿಗೆ ದುಬೈನಲ್ಲಿ ಹುಟ್ಟಿದ ಮಗ ಯುಎಇ ಸಾಲಿನಲ್ಲಿ ನಿಲ್ಲುತ್ತಾನೆ, ಬೇಗ ಒಳಗೆ ಹೋಗುತ್ತಾನೆ. ಮಂಗಳೂರಿನಲ್ಲೇ ಹುಟ್ಟಿದ ಅವನ ಅಣ್ಣ ಅದೇ ಕಂಪನಿಯಲ್ಲಿ, ಅದೇ ಕೆಲಸದಲ್ಲಿದ್ದರೂ ಭಾರತದ ಸಾಲಿನಲ್ಲಿ ನಿಂತೇ ಇರುತ್ತಾನೆ.

ಇದರ ಪೆಟ್ಟು ಜಾಸ್ತಿ ಬೀಳುವುದು ಮಕ್ಕಳಿಗೆ. ನಾಲ್ಕನೇ ವಯಸ್ಸಿಗೆ ಬೆಂಗಳೂರಿನಿಂದ ಬಂದ ಹುಡುಗಿ ಇಲ್ಲೇ ಅ ಆ ಇ ಈ ಕಲಿತು, ನಮ್ಮ ಕೂಟದ ವೇದಿಕೆಯಲ್ಲೇ ಕುಣಿದು, ಇಲ್ಲಿನ ಕಾಲೇಜಿಗೆ ಸೇರುತ್ತಾಳೆ. ಅಪ್ಪನ ಗ್ರೀನ್ ಕಾರ್ಡ್ ಬರುವುದರೊಳಗೆ ಅವಳಿಗೆ 21 ತುಂಬಿದರೆ ಎಚ್-4, ಅಂದರೆ ಎಚ್-1ಬಿಯವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ, ಮುಗಿಯಿತು. ಅವಳು ಬೇರೆ ವೀಸಾ ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. 2002ರಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಕಾಯ್ದೆ ಬಂತು. ಅರ್ಜಿ ಕಚೇರಿಯಲ್ಲಿ ಕೊಳೆತ ದಿನಗಳನ್ನು ವಯಸ್ಸಿನಿಂದ ಕಳೆಯಲು ಅದು ಬಿಡುತ್ತದೆ. ಸಾಲಿನಲ್ಲಿ ನಿಂತ ವರ್ಷಗಳನ್ನು ಕಳೆಯಲು ಬಿಡುವುದಿಲ್ಲ. ನಿಮ್ಮ ಕೂಟದಲ್ಲೂ ಇಂಥ ಒಂದು ಮನೆಯಾದರೂ ಇರುತ್ತದೆ. ಅಲ್ವಾ?

ಹಾಗಾದರೆ ಅಧ್ಯಕ್ಷರ ಕೈಯಲ್ಲಿ ಏನೂ ಇಲ್ಲವೇ? ಬೇಕಾದಷ್ಟು ಇದೆ. 2025ರ ಸೆಪ್ಟೆಂಬರ್ 19, ಶುಕ್ರವಾರ, ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಎಂಬ ಘೋಷಣೆ ಹೊರಬಿತ್ತು. ನವರಾತ್ರಿ ಎದುರಿಗೇ ಇತ್ತು. ಹಬ್ಬಕ್ಕೆಂದು ಊರಿಗೆ ಹೋದವರು ಹಬ್ಬ ಬಿಟ್ಟು ಟಿಕೆಟ್ ಹುಡುಕಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗಲ್ಲ ಎಂಬ ಸ್ಪಷ್ಟನೆ ಬಂದದ್ದು ಮರುದಿನ. ಆ ಒಂದು ರಾತ್ರಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನೆಲ್ಲ ಹರಿದಾಡಿತು ಅಂತ ನಿಮಗೆ ನೆನಪಿದೆ. ಘೋಷಣೆಯ ಮೂಲ ಪಾಠ ತೆರೆದು, ಯಾರಿಗೆ ಅನ್ವಯಿಸುತ್ತದೆ ಎಂದು ಓದಿ ಹೇಳುವ ಒಬ್ಬರು ಪ್ರತಿ ಕೂಟದಲ್ಲಿ ಇರಬೇಕು ಅಂತ ನನಗೆ ಅನ್ನಿಸಿದ್ದು ಅವತ್ತೇ.

ಅದೇ ವರ್ಷ ಜನವರಿ 20ರಂದು ಇನ್ನೊಂದು ಆದೇಶ ಬಂದಿತ್ತು. ತಾತ್ಕಾಲಿಕ ವೀಸಾದಲ್ಲಿರುವ ತಾಯಿಗೆ ಇಲ್ಲಿ ಹುಟ್ಟಿದ ಮಗುವಿಗೆ, ತಂದೆಯೂ ಪೌರ ಅಥವಾ ಗ್ರೀನ್ ಕಾರ್ಡುದಾರ ಅಲ್ಲದಿದ್ದರೆ, ಪೌರತ್ವ ಇಲ್ಲ ಎಂಬ ಆದೇಶ. ಮೂರೇ ದಿನದಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು. ಇಲ್ಲಿ ಹುಟ್ಟಿದವರಿಗೆ ಪೌರತ್ವ ಕೊಡುವ ಸಂವಿಧಾನದ 14ನೇ ತಿದ್ದುಪಡಿ, ಅದನ್ನು ಎತ್ತಿಹಿಡಿದ 1898ರ ವಾಂಗ್ ಕಿಮ್ ಆರ್ಕ್ ತೀರ್ಪು ಎಲ್ಲ ಮತ್ತೆ ಚರ್ಚೆಗೆ ಬಂದವು. ಅಧ್ಯಕ್ಷರು ಆದೇಶ ಹೊರಡಿಸಬಹುದು, ಕೋರ್ಟ್ ತಡೆಯಬಹುದು, ಕಾನೂನು ಮಾತ್ರ ಕಾಂಗ್ರೆಸ್ಸಿನಿಂದಲೇ ಬರಬೇಕು. ಇಷ್ಟು ತಿಳಿದಿದ್ದರೂ ಯಾವ ಸುದ್ದಿಗೆ ಎಷ್ಟು ಹೆದರಬೇಕು, ಯಾರಿಗೆ ಫೋನ್ ಮಾಡಬೇಕು ಎಂಬ ಅಂದಾಜು ಸಿಗುತ್ತದೆ.

ಕಾಂಗ್ರೆಸ್ಸಿನಲ್ಲಿ ನಮ್ಮ ಕೆಲಸ ಎಷ್ಟು ಹತ್ತಿರಕ್ಕೆ ಬಂದು ನಿಂತಿತ್ತು ಎಂಬುದು ಹಲವರಿಗೆ ಮರೆತೇಹೋಗಿದೆ. ಉದ್ಯೋಗದ ಗ್ರೀನ್ ಕಾರ್ಡುಗಳಿಗಿರುವ ದೇಶವಾರು ಮಿತಿಯನ್ನು ತೆಗೆಯುವ ಮಸೂದೆಯನ್ನು 2019ರ ಜುಲೈ 10ರಂದು ಕಾಂಗ್ರೆಸ್ಸಿನ ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್ 365–65 ಮತಗಳಿಂದ ಅಂಗೀಕರಿಸಿತು. ಎರಡೂ ಪಕ್ಷದವರು ಕೈ ಎತ್ತಿದ್ದರು. ಮೇಲ್ಮನೆಯಾದ ಸೆನೆಟ್ ತನ್ನದೇ ರೂಪದ ಮಸೂದೆಯನ್ನು 2020ರ ಡಿಸೆಂಬರ್‌ನಲ್ಲಿ ಅವಿರೋಧವಾಗಿ ಒಪ್ಪಿತು. ಎರಡು ಸದನಗಳೂ ಒಂದೇ ಪಠ್ಯವನ್ನು ಒಪ್ಪಿದರೆ ಮಾತ್ರ ಮಸೂದೆ ಅಧ್ಯಕ್ಷರ ಮೇಜಿಗೆ ಹೋಗುತ್ತದೆ. ಇಬ್ಬರ ಪಠ್ಯ ಬೇರೆ ಬೇರೆ ಇತ್ತು, ಅವನ್ನು ಹೊಂದಿಸಲು ಕೆಲವೇ ವಾರ ಉಳಿದಿತ್ತು. 2021ರ ಜನವರಿ 3ಕ್ಕೆ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು. ಅವಧಿ ಮುಗಿದರೆ ಮಸೂದೆಯೂ ಸತ್ತಂತೆ, ಮತ್ತೆ ಮೊದಲಿನಿಂದ ಬರಬೇಕು. 2022ರ ಡಿಸೆಂಬರ್‌ನಲ್ಲಿ ಈಗಲ್ ಆಕ್ಟ್ ಹೆಸರಿನಲ್ಲಿ ಅದೇ ವಿಷಯ ಹೌಸ್‌ನಲ್ಲಿ ಮತದಾನದ ಹೊಸ್ತಿಲವರೆಗೆ ಬಂದು ವಾಪಸ್ ಹೋಯಿತು. ಆ ವಾರಗಳಲ್ಲಿ ನಮ್ಮ ಕೂಟಗಳ ಸದಸ್ಯರು ತಮ್ಮ ತಮ್ಮ ಪ್ರತಿನಿಧಿಯ ಕಚೇರಿಗೆ ಎಡೆಬಿಡದೆ ಫೋನ್ ಮಾಡಿದ್ದರೆ ಕಾನೂನು ಆಗೇಬಿಡುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಎಷ್ಟು ಮಂದಿಗೆ ತಮ್ಮ ಪ್ರತಿನಿಧಿಯ ಹೆಸರು ಗೊತ್ತಿದೆ? ಪೌರತ್ವ ಪರೀಕ್ಷೆಯ ಪ್ರಶ್ನೆಗಳಲ್ಲಿ ಅದೂ ಒಂದು. ಆ ದಿನಕ್ಕೆ ಬಾಯಿಪಾಠ ಮಾಡಿ ಆಮೇಲೆ ಬಿಟ್ಟುಬಿಡುತ್ತೇವೆ.

"ನನಗೆ ವೋಟೇ ಇಲ್ಲ, ನನ್ನ ಮಾತು ಯಾರು ಕೇಳ್ತಾರೆ?" ಎಚ್-1ಬಿಯಲ್ಲಿರುವ ಗೆಳೆಯರು ಹೇಳುವ ಮಾತು ಇದು. ಅವರಿಗೆ ನಾನು ಜೆ.ಜೆ. ಸಿಂಗ್ ಅವರ ವಿಷಯ ಹೇಳುತ್ತೇನೆ.

1923ರಲ್ಲಿ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ ಮನುಷ್ಯನಿಗೆ ಸಿಕ್ಕ ಉತ್ತರ ಇದು. 1917ರ ಕಾಯ್ದೆ ಅಷ್ಟರಲ್ಲಾಗಲೇ ಭಾರತದಿಂದ ಬರುವವರಿಗೆ ಬಾಗಿಲು ಹಾಕಿತ್ತು. ಜೆ.ಜೆ. ಸಿಂಗ್ ನ್ಯೂಯಾರ್ಕಿನಲ್ಲಿ ವ್ಯಾಪಾರ ಮಾಡುತ್ತಿದ್ದರು, ಇಂಡಿಯಾ ಲೀಗ್ ಆಫ್ ಅಮೆರಿಕದ ಅಧ್ಯಕ್ಷರಾಗಿದ್ದರು. ಅವರಿಗೆ ಪೌರತ್ವ ಇರಲಿಲ್ಲ. ಕೇಳಿದರೂ ಕೊಡಲು ಕಾನೂನಿನಲ್ಲಿ ಜಾಗವೇ ಇರಲಿಲ್ಲ. ವೋಟಿಲ್ಲದ ಆ ಮನುಷ್ಯ ವಾಷಿಂಗ್ಟನ್ನಿನಲ್ಲಿ ಕಾಂಗ್ರೆಸ್ ಸದಸ್ಯರ ಬೆನ್ನು ಹತ್ತಿದರು, ತಿಳಿಸಿ ಹೇಳಿದರು, ಮತ್ತೆ ಮತ್ತೆ ಹೋದರು. ಕೊನೆಗೆ ರಿಪಬ್ಲಿಕನ್ ಪಕ್ಷದ ಕ್ಲೇರ್ ಬೂತ್ ಲೂಸ್, ಡೆಮಾಕ್ರಟಿಕ್ ಪಕ್ಷದ ಇಮ್ಯಾನುಯೆಲ್ ಸೆಲರ್ ಇಬ್ಬರ ಹೆಸರಿನಲ್ಲೂ ನಿಂತ ಲೂಸ್–ಸೆಲರ್ ಕಾಯ್ದೆಗೆ 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ಭಾರತದಿಂದ ವರ್ಷಕ್ಕೆ ನೂರು ಜನ ಮಾತ್ರ ಬರಬಹುದು ಎಂಬ ಪುಟ್ಟ ಕೋಟಾ ಅದು. ಆದರೆ ಇಲ್ಲಿದ್ದವರಿಗೆ ಪೌರತ್ವದ ಹಕ್ಕು ಸಿಕ್ಕಿತು.

ಆ ಕಾನೂನಿನಿಂದ ಏನಾಯಿತು ನೋಡಿ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ದಲೀಪ್ ಸಿಂಗ್ ಸೌಂದ್ ಕೂಡ ಈ ಹಕ್ಕಿಗಾಗಿ ಓಡಾಡಿದವರು. 1949ರಲ್ಲಿ ಅವರಿಗೆ ಪೌರತ್ವ ಬಂತು. ಮರುವರ್ಷ ವೆಸ್ಟ್‌ಮೊರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ನ್ಯಾಯಾಧೀಶರ ಚುನಾವಣೆ ಗೆದ್ದರು. ಪೌರರಾಗಿ ಒಂದು ವರ್ಷ ಆಗಿಲ್ಲ ಅಂತ ಹುದ್ದೆ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಹೌಸ್‌ಗೇ ಆಯ್ಕೆಯಾದರು. ಅಮೆರಿಕದ ಕಾಂಗ್ರೆಸ್ಸಿಗೆ ಏಷ್ಯಾದಿಂದ ಬಂದವರಲ್ಲಿ ಅವರೇ ಮೊದಲಿಗರು. ಅದೇ ಸೆಲರ್ ಹೆಸರು 1965ರ ಹಾರ್ಟ್–ಸೆಲರ್ ಕಾಯ್ದೆಯಲ್ಲೂ ಇದೆ. ನಮ್ಮ ಹಿರಿಯ ಡಾಕ್ಟರುಗಳು, ಎಂಜಿನಿಯರುಗಳು ಬಂದದ್ದು, ಎಪ್ಪತ್ತರ ದಶಕದಲ್ಲಿ ಈ ದೇಶದಲ್ಲಿ ಕನ್ನಡ ಕೂಟಗಳು ಹುಟ್ಟಿದ್ದು ಆ ಕಾಯ್ದೆ ತೆರೆದ ಬಾಗಿಲಿನಿಂದ. ಕೂಟಗಳ ಬೇರಿನಲ್ಲೇ ರಾಜಕೀಯ ಇದೆ. ಅದನ್ನು ಮಾಡಿದವರು ಬೇರೆ ಯಾರೋ, ಫಲ ಉಂಡವರು ನಾವು.

ಇತ್ತೀಚಿನ ಉದಾಹರಣೆ ಬೇಕೆಂದರೆ, ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಇದ್ದಾರೆ. 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದಿಂದ ಹೌಸ್‌ಗೆ ಆಯ್ಕೆಯಾದರು. ಅವರ ಪಕ್ಷ, ನಿಲುವು ನಿಮಗೆ ಹಿಡಿಸಬೇಕೆಂದಿಲ್ಲ. ಬೆಳಗಾವಿಯ ಹುಡುಗ ಡೆಟ್ರಾಯಿಟ್ ಜನರ ವೋಟು ಕೇಳಿ ಗೆದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿ.

ಈಗ ವೋಟಿಲ್ಲದವರು ಏನು ಮಾಡಬಹುದು ಅನ್ನುವ ವಿಷಯ. ಸರ್ಕಾರಕ್ಕೆ ಅಹವಾಲು ಹೇಳಿಕೊಳ್ಳುವ ಹಕ್ಕನ್ನು ಸಂವಿಧಾನದ ಮೊದಲ ತಿದ್ದುಪಡಿ ಜನರಿಗೆ ಕೊಟ್ಟಿದೆ. ಪೌರರಿಗೆ ಮಾತ್ರ ಅಂತ ಅಲ್ಲಿ ಬರೆದಿಲ್ಲ. ಕ್ಷೇತ್ರಗಳನ್ನು ಹಂಚುವಾಗ ಜನಗಣತಿ ಎಲ್ಲರನ್ನೂ ಎಣಿಸುತ್ತದೆ. ಒಬ್ಬ ಹೌಸ್ ಸದಸ್ಯರ ಕ್ಷೇತ್ರದಲ್ಲಿ ಸುಮಾರು 7 ಲಕ್ಷ 60 ಸಾವಿರ ಜನ, ಅದರಲ್ಲಿ ನೀವೂ ಒಬ್ಬರು. (202) 224-3121ಕ್ಕೆ ಕರೆ ಮಾಡಿದರೆ ಕ್ಯಾಪಿಟಲ್, ಅಂದರೆ ಕಾಂಗ್ರೆಸ್ ಭವನದ ಆಪರೇಟರ್ ನಿಮ್ಮ ಪ್ರತಿನಿಧಿಯ ಕಚೇರಿಗೆ ಜೋಡಿಸುತ್ತಾರೆ. ಎತ್ತಿಕೊಳ್ಳುವವರು ಹೆಚ್ಚಾಗಿ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಹೆಸರು, ಜಿಪ್ ಕೋಡ್ ಕೇಳುತ್ತಾರೆ. ಯಾವ ವಿಷಯ, ಪರವೋ ವಿರೋಧವೋ ಹೇಳಿ. ಎರಡು ನಿಮಿಷದ ಕೆಲಸ. "ನನ್ನ ಮಗಳಿಗೆ ಬರುವ ವರ್ಷ 21 ತುಂಬುತ್ತದೆ" ಅಂತ ನಿಮ್ಮದೇ ಮನೆಯ ಒಂದು ಮಾತು ಸೇರಿಸಿ. ಬರೆದುಕೊಟ್ಟದ್ದನ್ನು ಓದುವುದಕ್ಕಿಂತ ಅದು ಫೋನ್ ಎತ್ತಿದವರ ಮನಸ್ಸಿನಲ್ಲಿ ಜಾಸ್ತಿ ಉಳಿಯುತ್ತದೆ.

ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೂ ಅದೇ ಕಚೇರಿ ನೆರವಾಗುತ್ತದೆ. ಅಲ್ಲಿ ಕೇಸ್‌ವರ್ಕರ್ ಅಂತ ಇರುತ್ತಾರೆ. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರೆ ವಲಸೆ ಇಲಾಖೆಗೆ ನಿಮ್ಮ ಪರವಾಗಿ ವಿಚಾರಿಸುತ್ತಾರೆ. ಸಾಲು ಮುರಿದು ಮುಂದೆ ಕಳಿಸಲು ಅವರಿಗೂ ಆಗುವುದಿಲ್ಲ, ಕಡತ ಎಲ್ಲಿ ನಿಂತಿದೆ ಅಂತ ಕೇಳಿಸಲು ಆಗುತ್ತದೆ. ಇದಕ್ಕೆ ದುಡ್ಡಿಲ್ಲ, ಪೌರತ್ವವೂ ಬೇಕಿಲ್ಲ. ಇನ್ನು ಇಲಾಖೆಗಳು ಹೊಸ ನಿಯಮ ತರುವಾಗ ಸಾಮಾನ್ಯವಾಗಿ ಕರಡು ಪ್ರಕಟಿಸಿ ಅಭಿಪ್ರಾಯ ಕೇಳುತ್ತವೆ. ಎಚ್-4ರಲ್ಲಿರುವ ಕೆಲವರಿಗೆ ಕೆಲಸದ ಪರವಾನಗಿ ಕೊಟ್ಟ 2015ರ ನಿಯಮ ಹೀಗೇ ಬಂದದ್ದು. ಅಭಿಪ್ರಾಯ ಯಾರು ಬೇಕಾದರೂ ಬರೆಯಬಹುದು.

ಎಲ್ಲೆಗಳೂ ಇವೆ, ಅವನ್ನು ಆ ಮೇಜಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕಬೇಕು. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗಳಿಗೆ ದೇಣಿಗೆ ಕೊಡಬಹುದು, ಎಚ್-1ಬಿ ಅಥವಾ ಎಚ್-4ರಲ್ಲಿರುವವರು ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ. ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ. 1993ರ ಕಾಯ್ದೆಯಿಂದಾಗಿ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸ್ ಮಾಡಿಸುವಾಗಲೇ ಮತದಾರರಾಗಿ ನೋಂದಾಯಿಸುತ್ತೀರಾ ಅಂತ ಕೇಳುತ್ತಾರೆ. ವಿಳಾಸ, ಎತ್ತರ, ಕಣ್ಣಿನ ಬಣ್ಣ, ಅಂಗದಾನ ಅಂತ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತಿರುತ್ತದೆ, ಹಿಂದೆ ಸಾಲು ನಿಂತಿರುತ್ತದೆ, ಸುಮ್ನೆ ಎಲ್ಲದಕ್ಕೂ ಹೌದು ಅಂತ ಒತ್ತಿಬಿಡುವವರಿದ್ದಾರೆ. ಪೌರರಲ್ಲದವರು ಪೌರ ಅಂತ ಹೇಳಿಕೊಂಡರೆ 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್, ಪೌರತ್ವ ಎರಡರ ಬಾಗಿಲೂ ಮುಚ್ಚಬಹುದು. ದೇಶದಿಂದ ಹೊರಹಾಕುವವರೆಗೂ ಹೋಗಬಹುದು. ಹೊಸದಾಗಿ ಬಂದ ಪ್ರತಿ ಕುಟುಂಬಕ್ಕೂ ಈ ಒಂದು ಮಾತು ಹೇಳಿದರೆ ಸಾಕು, ಆ ಮೇಜು ಹಾಕಿದ್ದಕ್ಕೆ ಸಾರ್ಥಕ.

ವೀಸಾದಲ್ಲಿರುವವರಿಗೆ ಈಗ ಭಯ ಇದೆ, ನನಗೆ ಗೊತ್ತು. ಕೆಲಸ ಹೋದರೆ 60 ದಿನದೊಳಗೆ ದಾರಿ ಹುಡುಕಬೇಕಾದವರು ಬಾಯಿ ಬಿಡಲು ಅಂಜುವುದು ಸಹಜ. ಯಾರನ್ನೂ ಒತ್ತಾಯ ಮಾಡಬೇಡಿ. ಅದಕ್ಕೇ ಪೌರತ್ವ ಇರುವ ನಮ್ಮ ಮೇಲೆ ಭಾರ ಜಾಸ್ತಿ. ಗ್ರೀನ್ ಕಾರ್ಡ್ ಬಂದ ಮೇಲೆ ನಾವು ಆ ಸಾಲನ್ನು ಮರೆತುಬಿಡುತ್ತೇವೆ, ಮನೆಯ ಬಡ್ಡಿ ದರದ ಮಾತಿಗೆ ಹೊರಳುತ್ತೇವೆ. ಐದು ವರ್ಷ ಕಳೆದು ಪೌರತ್ವಕ್ಕೆ ಅರ್ಹರಾದರೂ ಅರ್ಜಿ ಹಾಕದವರಿದ್ದಾರೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸುವುದು ಸಣ್ಣ ಸಂಗತಿ ಅಲ್ಲ. ಓಸಿಐ, ಅಂದರೆ ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು, ಇದ್ದರೂ ಅಲ್ಲಿ ವೋಟು ಹಾಕುವ ಹಾಗಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಆ ತೀರ್ಮಾನ ಅವರವರದು. ಆದರೆ ಪೌರರಾಗಿಯೂ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರಿಗೆ ವೋಟು ಹಾಕಿ ಮನೆಗೆ ಬರುವವರಿಗೆ ನನ್ನ ತಕರಾರಿದೆ. ಹೌಸ್‌ನ 435 ಸ್ಥಾನಗಳಿಗೂ ಎರಡು ವರ್ಷಕ್ಕೊಮ್ಮೆ ಚುನಾವಣೆ. ನಮ್ಮ ಸಾಲಿನ ಬೀಗ ಇರುವುದು ಅಲ್ಲಿ.

ಊರಿನ ಮಟ್ಟದ ಮಾತೂ ಹೇಳಿಬಿಡುತ್ತೇನೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಕೆಗೆ ಕ್ರೆಡಿಟ್ ಕೊಡಬೇಕೋ ಬೇಡವೋ ಎಂಬುದು ಮುಖ್ಯವಾಗಿ ಶಾಲಾ ಜಿಲ್ಲೆಯ ಕೈಯಲ್ಲಿದೆ. ನ್ಯೂಯಾರ್ಕ್ ನಗರದ ಶಾಲೆಗಳಿಗೆ ದೀಪಾವಳಿ ರಜೆಯನ್ನು 2023ರಲ್ಲಿ ಕಾನೂನು ಮಾಡಿ ಕೊಟ್ಟದ್ದು ರಾಜ್ಯದ ಶಾಸಕಾಂಗ. ಕ್ಯಾಲಿಫೋರ್ನಿಯಾ 2025ರಲ್ಲಿ ದೀಪಾವಳಿಯನ್ನು ರಾಜ್ಯದ ರಜಾದಿನಗಳ ಪಟ್ಟಿಗೆ ಸೇರಿಸಿತು. ಶಾಲಾ ಮಂಡಳಿಯ ಸಭೆಗೆ ಯಾರು ಬೇಕಾದರೂ ಹೋಗಬಹುದು. ಬಾಗಿಲ ಬಳಿ ಚೀಟಿ ತುಂಬಿಕೊಟ್ಟು ಕೂತರೆ ಸರದಿ ಬಂದಾಗ ಎರಡು ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ನಿಮ್ಮ ಮನೆಯ ಆಸ್ತಿ ತೆರಿಗೆಯಿಂದ ನಡೆಯುವ ಶಾಲೆ ಅದು, ನೀವು ಯಾವ ವೀಸಾದಲ್ಲಿದ್ದರೂ.

ಈಗ "ರಾಜಕೀಯ ಬೇಡ" ಎಂಬ ಮಾತಿಗೆ ಬರುತ್ತೇನೆ. ನಮ್ಮ ಹೆಚ್ಚಿನ ಕೂಟಗಳು ತೆರಿಗೆ ಕಾನೂನಿನ 501ಸಿ3 ಕಲಮಿನ ಅಡಿ ನೋಂದಾಯಿಸಿದ ಲಾಭರಹಿತ ಸಂಸ್ಥೆಗಳು. 1954ರಿಂದ ಇರುವ ನಿಯಮದ ಪ್ರಕಾರ ಇಂಥ ಸಂಸ್ಥೆ ಯಾವ ಅಭ್ಯರ್ಥಿಯ ಪರವೂ ವಿರುದ್ಧವೂ ಪ್ರಚಾರ ಮಾಡಬಾರದು. ಅದು ಇರಲಿ, ಅದು ಒಳ್ಳೆಯದೇ. ಆದರೆ ಪಕ್ಷಭೇದವಿಲ್ಲದೆ ಮತದಾರರ ನೋಂದಣಿ ಮಾಡಬಹುದು. ಎಲ್ಲ ಅಭ್ಯರ್ಥಿಗಳನ್ನೂ ಕರೆದು ಸಭೆ ನಡೆಸಬಹುದು. ಕಾನೂನು ಹೇಗೆ ಆಗುತ್ತದೆ ಅಂತ ಪಾಠ ಹೇಳಬಹುದು. ಒಂದು ಮಸೂದೆಯ ಬಗ್ಗೆ ಮಿತಿಯೊಳಗೆ ದನಿ ಎತ್ತಲೂ ಬಹುದು. ಚುನಾವಣೆ ಹತ್ತಿರ ಬಂದಾಗ ಯಾರೋ ಒಬ್ಬ ಅಭ್ಯರ್ಥಿ ಬಂದು ದೀಪ ಬೆಳಗಿ ಫೋಟೋ ತೆಗೆಸಿಕೊಂಡು ಹೋಗುವುದಕ್ಕೆ ನಾವು ವೇದಿಕೆ ಕೊಡುತ್ತೇವಲ್ಲ, ನಿಯಮದ ದೃಷ್ಟಿಯಿಂದ ಅದಕ್ಕಿಂತ ಇದು ಎಷ್ಟೋ ನಿರಪಾಯ.

ಒಂದು ವ್ಯಾವಹಾರಿಕ ವಿಷಯ. ಮುಂದಿನ ಕಾಂಗ್ರೆಸ್ ಚುನಾವಣೆ 2026ರ ನವೆಂಬರ್ 3ಕ್ಕೆ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ 30 ದಿನ ಮೊದಲೇ ನೋಂದಣಿ ಮುಗಿಯುತ್ತದೆ. ಹಾಗಾಗಿ ರಾಜ್ಯೋತ್ಸವಕ್ಕೆ ಮೇಜು ಹಾಕಿದರೆ ತಡವಾಯಿತು. ಗಣೇಶನ ಹಬ್ಬಕ್ಕೇ ಹಾಕಿ. ಬೇರೆಯವರ ಅರ್ಜಿ ತುಂಬಿಸಿ ತೆಗೆದುಕೊಳ್ಳಲು ಕೆಲವು ರಾಜ್ಯಗಳಲ್ಲಿ ಅನುಮತಿ ಬೇಕು. ಟೆಕ್ಸಾಸ್‌ನಲ್ಲಿ ಕೌಂಟಿ ಕಚೇರಿಯಿಂದ ಡೆಪ್ಯೂಟಿ ರಿಜಿಸ್ಟ್ರಾರ್ ಆಗಿ ನೇಮಕ ಮಾಡಿಸಿಕೊಳ್ಳಬೇಕು. ಅದನ್ನು ಬೇಸಿಗೆ ರಜೆಯಲ್ಲೇ ಮುಗಿಸಿಕೊಳ್ಳಿ. ಹೈಸ್ಕೂಲು ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ, ಸರ್ಕಾರದ ಪಾಠ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅಜ್ಜ ಅಜ್ಜಿಯರಿಗೆ ಹೇಳುವಾಗ ಅವರ ಕನ್ನಡವೂ ಸುಧಾರಿಸುತ್ತದೆ.

ಈ ಪತ್ರವನ್ನು ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ಮುಂದಿಡಿ. ಮೇಜಿಗೆ ಜಾಗ ಕೊಡಲು ಆಗದಿದ್ದರೆ ಕಾರಣವನ್ನು ಸದಸ್ಯರ ಮುಂದೆ ಹೇಳಿ. ನಮ್ಮ ಕೂಟದ ಮೇಜಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂರಲು ನಾನು ಹೆಸರು ಕೊಟ್ಟಿದ್ದೇನೆ.

ಇಂತಿ,
ನಿಮ್ಮಲ್ಲೊಬ್ಬ ಸದಸ್ಯ